ಸವಾರಿ ಎಂಬ ಪ್ರೋಗ್ರಾಂ ಮಾತು ಕಲಿತದ್ದು

ನಾನು ನಿವೃತ್ತಳಾದ ಮೇಲೆ ನಮ್ಮ ಮನೆಯ ಬೆಳಗು ತಿರುಗಾಮುರುಗಾ ಆಗಿದೆ. ಮೊದಲು ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡುತ್ತಿದ್ದೆ, ನನ್ನ ಗಂಡ ಶ್ರೀಕಂಠ ನಿಧಾನವಾಗಿ ಕಾಫಿ ಕುಡಿಯುತ್ತಿದ್ದರು. ಈಗ ಓಡುವವರು ಅವರು. ಅವರ ಕೆಲಸದ ಕರಾರು ಇನ್ನೂ ಉಳಿದಿರುವುದರಿಂದ ನಾವು ಕತಾರಿನಲ್ಲೇ ಇದ್ದೇವೆ. ನಾನು ಅಲ್ ವುಕೈರ್‌ನ ಈ ಫ್ಲಾಟಿನ ಬಾಲ್ಕನಿಯಲ್ಲಿ ಲೋಟ ಹಿಡಿದು ಕೂತು, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತೇನೆ. ನಂಬರು ಕಂಡ ಕೂಡಲೇ ಆ ಬಸ್ಸು ಎಲ್ಲಿಗೆ ಹೊರಟಿದೆ, ತಡವಾಗಿದೆಯೋ ಇಲ್ಲವೋ ಎಂದು ಬಾಯಿ ತಾನಾಗಿಯೇ ಹೇಳಿಬಿಡುತ್ತದೆ. "ಸಂಬಳ ನಿಂತರೂ ಡ್ಯೂಟಿ ಬಿಡಲ್ಲ ಅಂತೀಯಲ್ಲ" ಎಂದು ಶ್ರೀಕಂಠ ರೇಗಿಸುತ್ತಾರೆ.

ನನ್ನ ತಂಗಿಯ ಮಗಳು ಈಚೆಗೆ ದೋಹಾದಲ್ಲೇ ಪ್ರೋಗ್ರಾಮರ್ ಆಗಿ ಸೇರಿದ್ದಾಳೆ. ಹೋದ ಶುಕ್ರವಾರ ಬಿಸಿಬೇಳೆಭಾತ್ ತಿನ್ನುತ್ತಾ ಕೇಳಿದಳು: "ದೊಡ್ಡಮ್ಮಾ, ಇಷ್ಟು ವರ್ಷ ನೀವು ಮಾಡಿದ್ದು ಬರೀ ಕಪ್ಪು ಪರದೆ ಮೇಲೆ ಅಕ್ಷರ ಬರೋ ಪ್ರೋಗ್ರಾಮಾ? ಒಂದು ಬಟನ್ ಕೂಡ ಇರ್ಲಿಲ್ವಾ?"

"ಇರಲಿಲ್ಲ ಕಣೇ, ಒಂದೇ ಒಂದು ಬಟನ್ ಇರಲಿಲ್ಲ" ಎಂದೆ. ಅವಳ ಮುಖದಲ್ಲಿ ಅಯ್ಯೋ ಪಾಪ ಎನ್ನುವ ಭಾವ ಕಂಡು ನನಗೆ ಸ್ವಲ್ಪ ಉರಿಯಿತು, ನಿಜ ಹೇಳುತ್ತೇನೆ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗೂ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿ ಇಲ್ಲ. ನನ್ನ ಹುದ್ದೆಯ ಹೆಸರಿನ ಮುಂದೆ 'ಸೀನಿಯರ್' ಎಂಬ ಪದ ಸೇರಿದಾಗ ಕುರ್ಚಿ ಬದಲಾಯಿತು, ಬೆನ್ನುನೋವು ಬದಲಾಗಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಮೊದಲು, ಕಮಾಂಡ್ ಲೈನ್ ಪ್ರೋಗ್ರಾಂ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಹೋಟೆಲಿಗೆ ಹೋಗಿ "ಒಂದು ಮಸಾಲೆ ದೋಸೆ, ಈರುಳ್ಳಿ ಬೇಡ, ಪಾರ್ಸಲ್" ಎನ್ನುತ್ತೀರಲ್ಲ, ಅದೇ. ಚಿತ್ರ ಮುಟ್ಟಿ ತೋರಿಸುವ ಹಾಗಿಲ್ಲ, ಬೇಕಾದ್ದನ್ನು ಮಾತಿನಲ್ಲಿ ಕೇಳಬೇಕು. ಮಸಾಲೆ ದೋಸೆ ಎನ್ನುವುದು ಕಮಾಂಡು; ಈರುಳ್ಳಿ ಬೇಡ, ಪಾರ್ಸಲ್ ಎನ್ನುವವು ಆಪ್ಷನ್ನುಗಳು. ಅಡುಗೆ ಮಾಡುವವಳು ಪ್ರೋಗ್ರಾಮರ್. ಪೈಥಾನ್ ಭಾಷೆ ಕಲಿತ ಹೊಸದರಲ್ಲಿ ನಾನು ಅಡುಗೆಯನ್ನೂ ಮಾಡಿ, ಸೌಟು ಹಿಡಿದುಕೊಂಡೇ ಟೇಬಲ್ಲಿಗೆ ಓಡಿ ಆರ್ಡರನ್ನೂ ತೆಗೆದುಕೊಳ್ಳುತ್ತಿದ್ದೆ. ಅಂದರೆ, ಜನ ಟೈಪ್ ಮಾಡಿದ ಸಾಲನ್ನು ನಾನೇ ತುಂಡು ಮಾಡಿ, ಇದು ಸಂಖ್ಯೆಯೋ ಹೆಸರೋ, ಏನಾದರೂ ಬಿಟ್ಟುಹೋಗಿದೆಯೋ ಎಂದು ವಿಚಾರಿಸುವ ಸಾಲುಗಳನ್ನು ಪುಟಗಟ್ಟಲೆ ಬರೆಯುತ್ತಿದ್ದೆ. ಅಸಲು ಕೆಲಸಕ್ಕಿಂತ ವಿಚಾರಣೆಯೇ ಉದ್ದ.

ಆಮೇಲೆ ಸಿಕ್ಕಿದ್ದು ಕ್ಲಿಕ್ ಎಂಬ ಲೈಬ್ರರಿ. ಹೆಸರು ಹಾಗಿದ್ದರೂ ಮೌಸಿಗೂ ಅದಕ್ಕೂ ಸಂಬಂಧವಿಲ್ಲ. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ, ನಾವು ಸೇರಿಸಿಕೊಳ್ಳಬಹುದಾದ ಪ್ರೋಗ್ರಾಂ ಸಾಮಗ್ರಿ. ಹೋಟೆಲಿನ ಲೆಕ್ಕದಲ್ಲಿ ಹೇಳಿದರೆ ನುರಿತ ಮಾಣಿ. ನಾನು ಬರೆದ ಕೆಲಸದ ತಲೆಯ ಮೇಲೆ ಒಂದೆರಡು ಸಾಲು ಸೇರಿಸಿದರೆ ಸಾಕು, ಯಾರು ಏನು ಕೇಳಿದರು ಎಂದು ಅದು ತಿಳಿದುಕೊಳ್ಳುತ್ತದೆ. ತಪ್ಪು ಕೇಳಿದರೆ ಅಲ್ಲೇ ತಡೆಯುತ್ತದೆ. ಹೆಲ್ಪ್ ಎಂದರೆ ಮೆನು ಒಪ್ಪಿಸುತ್ತದೆ. ಅದು ಕೈಗೆ ಬಂದ ವಾರ ನನಗೆ ಹಬ್ಬವೇ ಹಬ್ಬ.

ನಮ್ಮದು ಬಸ್ ಕಂಪನಿ. ಹಮದ್ ಬಂದರಿನ ಗೋದಾಮುಗಳಿಗೆ ಕೆಲಸಗಾರರನ್ನು ಕರೆದೊಯ್ಯುವುದು, ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವುದು ನಮ್ಮ ಕಸುಬು. ಯಾವ ಬಸ್ಸು ಎಲ್ಲಿದೆ, ಯಾರು ಓಡಿಸುತ್ತಿದ್ದಾರೆ ಎಂದು ನೋಡಿಕೊಳ್ಳುವ ಆಪರೇಷನ್ಸ್ ರೂಮಿಗೆ ಒಂದು ಪ್ರೋಗ್ರಾಂ ಬೇಕಾಗಿತ್ತು. ಪೈಥಾನ್ ಮತ್ತು ಕ್ಲಿಕ್ ಹಿಡಿದು ನಾನು ಬರೆದೆ, 'ಸವಾರಿ' ಎಂದು ಹೆಸರಿಟ್ಟೆ. 'ಸವಾರಿ ಲಿಸ್ಟ್' ಎಂದು ಟೈಪ್ ಮಾಡಿದರೆ ಬಸ್ಸುಗಳ ಪಟ್ಟಿ, 'ಸವಾರಿ ಕ್ಯಾನ್ಸಲ್' ಎಂದರೆ ಟ್ರಿಪ್ಪು ರದ್ದಾಗಿ ಡ್ರೈವರನ ಮೊಬೈಲಿಗೆ ಮೆಸೇಜು. ಸುಮ್ಮನೆ ಬರೆಯಲಿಲ್ಲ, ಅಲಂಕಾರ ಮಾಡಿದೆ. ಪಟ್ಟಿಗೆ ಸುತ್ತ ಗೆರೆ ಕೊರೆದ ಚೌಕಟ್ಟು. ಹೊರಟ ಬಸ್ಸು ಹಸಿರು, ತಡವಾದದ್ದು ಹಳದಿ, ರದ್ದಾದದ್ದು ಕೆಂಪು. ಕೆಲಸ ನಡೆಯುತ್ತಿರುವಾಗ ಗಿರಗಿರ ತಿರುಗುವ ಒಂದು ಪುಟ್ಟ ಚಕ್ರ. ಮಗಳ ಮದುವೆಗೆ ಚಪ್ಪರ ಹಾಕಿಸಿದವಳ ಹಾಗೆ ನಾನು ಅದನ್ನು ಎಲ್ಲರಿಗೂ ಕರೆದು ಕರೆದು ತೋರಿಸಿದೆ.

ಆ ಪ್ರೋಗ್ರಾಮನ್ನು ದಿನವಿಡೀ ಬಳಸುತ್ತಿದ್ದವಳು ಆಪರೇಷನ್ಸ್ ರೂಮಿನ ಮುಖ್ಯಸ್ಥೆ ಲವೀನಾ. ಕಾರ್ಕಳದ ಕಡೆಯ ಕ್ರಿಶ್ಚಿಯನ್ ಹೆಂಗಸು. ಮನೆಯಲ್ಲಿ ಕೊಂಕಣಿ, ಡ್ರೈವರುಗಳ ಜೊತೆ ತುಳು, ಹಿಂದಿ, ಮಲಯಾಳಂ, ಕೆಲಸಕ್ಕಾಗುವಷ್ಟು ಅರಬ್ಬಿ. ಅವಳ ಗಂಟಲು ಎಂಥದ್ದೆಂದರೆ, ಫೋನಿಲ್ಲದೆಯೇ ಬಂದರಿಗೆ ಕೇಳಿಸುತ್ತದೆ ಎಂದು ಡ್ರೈವರುಗಳು ಹೇಳುತ್ತಿದ್ದರು. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಗಳು ಶೆರಿಲ್ ಇಲ್ಲೇ ಶಾಲೆಯಲ್ಲಿದ್ದಳು. ಲವೀನಾ ನನ್ನನ್ನು ಸುಜಾತಕ್ಕ ಎನ್ನುತ್ತಿದ್ದಳು. ನನ್ನ ಮೈಸೂರು ಕನ್ನಡವನ್ನು ಅಣಕಿಸುವುದು ಅವಳ ನಿತ್ಯದ ಖುಷಿ.

ಒಂದು ದಿನ ಊಟದ ಹೊತ್ತಿನಲ್ಲಿ ಲವೀನಾ ನನ್ನನ್ನು ಪ್ಯಾಂಟ್ರಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

"ಸುಜಾತಕ್ಕ, ನಿಮ್ಮ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಯಾರಿಗೂ ಹೇಳ್ಬಾರ್ದು, ದೇವರಾಣೆ ಹಾಕಿ."

"ಆಣೆ ಗೀಣೆ ಯಾಕೆ, ಹೇಳೇ."

"ನಂಗೆ ಕಣ್ಣು ಕಾಣುದು ಕಮ್ಮಿ ಆಗ್ತಾ ಉಂಟು. ಪೈಪಿನ ಒಳಗಿಂದ ನೋಡಿದ ಹಾಗೆ. ಆ ಪೈಪು ಸಪೂರ ಆಗ್ತಾ ಆಗ್ತಾ ಹೋಗ್ತದಂತೆ. ಮದ್ದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನಿಮ್ಮ ಬಣ್ಣದ ಪಟ್ಟಿ ಉಂಟಲ್ಲ, ಅದ್ರಲ್ಲಿ ಒಂದು ತುದಿ ಕಂಡ್ರೆ ಇನ್ನೊಂದು ತುದಿ ಇಲ್ಲ."

ಅವಳು ಪರದೆಗೆ ಮೂಗು ತಾಗಿಸಿ ಕೂರುವುದನ್ನು ನೋಡಿದ್ದೆ. ಕನ್ನಡಕದ ನಂಬರು ಬದಲಾಯಿಸಬೇಕೇನೋ ಎಂದುಕೊಂಡಿದ್ದೆ. ಇಲ್ಲಿನ ರೀತಿ ಇಲ್ಲಿರುವ ಎಲ್ಲರಿಗೂ ಗೊತ್ತು. ಲವೀನಾಳ ಕೆಲಸ ಹೋದರೆ ವೀಸಾ ಹೋಗುತ್ತದೆ. ಅದರ ಹಿಂದೆಯೇ ಮನೆಯೂ ಹೋಗುತ್ತದೆ, ತಾಯಿಯ ವೀಸಾದ ಮೇಲಿರುವ ಮಗಳ ಶಾಲೆಯೂ ಹೋಗುತ್ತದೆ. ಶೆರಿಲ್ ಹನ್ನೆರಡನೇ ಕ್ಲಾಸಿಗೆ ಕಾಲಿಡುವವಳಿದ್ದಳು. ಲವೀನಾಳ ಕರಾರು ಬೇಸಿಗೆ ಕಳೆದ ಮೇಲೆ ನವೀಕರಣಕ್ಕೆ ಬರುವುದಿತ್ತು.

"ಅಷ್ಟರ ತನಕ ಈ ಕುರ್ಚಿ ನನ್ನ ಕೈ ತಪ್ಪಬಾರ್ದು. ಆಮೇಲೂ ತಪ್ಪಬಾರ್ದು" ಎಂದಳು. "ಕೂತಲ್ಲಿಂದ ಬಸ್ಸು ಓಡಿಸ್ಲಿಕ್ಕೆ ನಂಗೆ ಕಣ್ಣು ಬೇಡ ಸುಜಾತಕ್ಕ. ಯಾರೆಲ್ಲಿದ್ದಾರೆ ಅಂತ ಗೊತ್ತಾದ್ರೆ ಸಾಕು. ನಿಮ್ಮ ಪ್ರೋಗ್ರಾಮಿಗೆ ಮಾತಾಡ್ಲಿಕ್ಕೆ ಬರುದಿಲ್ವಾ?"

ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಪುಕ್ಕಟೆ ಸಿಗುವಂಥದ್ದೊಂದನ್ನು ಅವಳ ಕಂಪ್ಯೂಟರಿಗೆ ಹಾಕಿ, ಇಬ್ಬರೂ ಒಂದೊಂದು ಕಿವಿಗೆ ಹೆಡ್‌ಫೋನು ಹಂಚಿಕೊಂಡು ಕೂತೆವು. ನಾನು ಹೆಮ್ಮೆಯಿಂದ 'ಸವಾರಿ ಲಿಸ್ಟ್' ಎಂದು ಟೈಪ್ ಮಾಡಿದೆ. ಕಿವಿಯಲ್ಲಿ ಶುರುವಾಯಿತು: "ಪ್ಲಸ್, ಡ್ಯಾಶ್, ಡ್ಯಾಶ್, ಡ್ಯಾಶ್, ಡ್ಯಾಶ್, ಡ್ಯಾಶ್..." ನಾನು ಕೊರೆಸಿದ್ದ ಚೌಕಟ್ಟಿನ ಒಂದೊಂದು ಗೆರೆಯನ್ನೂ ಅದು ಶ್ರದ್ಧೆಯಿಂದ ಓದುತ್ತಿತ್ತು. ಗೆರೆ ಮುಗಿದ ಮೇಲೆ ಬಸ್ಸಿನ ನಂಬರು, ಮತ್ತೆ ಗೆರೆ.

"ಇದು ಬಸ್ಸಾ ರೈಲಾ ಮಾರಾಯ್ತಿ?" ಎಂದಳು ಲವೀನಾ. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ನನಗೂ ನಗು ತಡೆಯಲಾಗಲಿಲ್ಲ. ತಿರುಗುವ ಪುಟ್ಟ ಚಕ್ರ ಬಂದಾಗಲಂತೂ ಅದು "ಬಾರ್, ಸ್ಲ್ಯಾಶ್, ಡ್ಯಾಶ್, ಬಾರ್, ಸ್ಲ್ಯಾಶ್" ಎಂದು ಹುಚ್ಚು ಹಿಡಿದಂತೆ ಬಡಬಡಿಸಿತು.

ನಗು ನಿಂತ ಮೇಲೆ ಲವೀನಾ ಕೇಳಿದಳು, "ಇದ್ರಲ್ಲಿ ರದ್ದಾದ ಬಸ್ಸು ಯಾವುದು?" ನಾನು ಪರದೆ ನೋಡಿದೆ. ರದ್ದಾದ ಬಸ್ಸು ಕೆಂಪು ಬಣ್ಣದಲ್ಲಿತ್ತು. ಕೆಂಪು ಎನ್ನುವುದನ್ನು ಬಿಟ್ಟರೆ ಅದು ರದ್ದಾಗಿದೆ ಎಂದು ಹೇಳುವ ಒಂದು ಪದವೂ ಆ ಸಾಲಿನಲ್ಲಿ ಇರಲಿಲ್ಲ.

ಆವತ್ತಿನಿಂದ ನನ್ನ ಕೆಲಸ ಉಲ್ಟಾ ಆಯಿತು. ಹಾಕಿದ ಅಲಂಕಾರವನ್ನೆಲ್ಲ ಕಳಚಿದೆ. ಚೌಕಟ್ಟು ಹೋಯಿತು, ಚಕ್ರ ಹೋಯಿತು. ಬಣ್ಣವನ್ನು ಕಣ್ಣಿರುವವರಿಗಾಗಿ ಉಳಿಸಿ ಪಕ್ಕದಲ್ಲೇ ತಡ, ರದ್ದು ಎಂದು ಪದ ಸೇರಿಸಿದೆ. ಸಾಲಿನ ಮೊದಲಿಗೆ ಮುಖ್ಯವಾದ ಮಾತು ಬರಬೇಕು, ಉಳಿದದ್ದು ಆಮೇಲೆ. ಏಕೆಂದರೆ ಕಣ್ಣು ಎಲ್ಲಿಗೆ ಬೇಕಾದರೂ ಹಾರಿ ನೋಡುತ್ತದೆ, ಕಿವಿ ಸರದಿಯಲ್ಲಿ ಕಾಯಬೇಕು. ತಪ್ಪು ಟೈಪ್ ಮಾಡಿದಾಗ ಲೈಬ್ರರಿ ಮೊದಲು ಬಳಸುವ ವಿಧಾನವನ್ನೆಲ್ಲ ಹೇಳಿ, ಕೊನೆಗೆ ತಪ್ಪೇನು ಎಂದು ಹೇಳುತ್ತಿತ್ತು. ಅದನ್ನು ತಿರುಗಿಸಿ ತಪ್ಪನ್ನೇ ಮೊದಲು ಹೇಳಿಸಿದೆ. ಒಳ್ಳೆಯ ಲೈಬ್ರರಿಯ ಲಕ್ಷಣವೇ ಇದು: ತನ್ನ ಅಭ್ಯಾಸವನ್ನು ನಾವು ಬದಲಾಯಿಸಲು ಅದು ಬಿಡುತ್ತದೆ.

ಮನೆಯಲ್ಲಿ ಪರದೆ ಆಫ್ ಮಾಡಿ, ಹೆಡ್‌ಫೋನು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಶ್ರೀಕಂಠ ಒಳಗೆ ಬಂದು, "ಕರೆಂಟ್ ಹೋಯ್ತಾ?" ಎಂದರು.

"ಇಲ್ಲ, ನಾನೇ ಆಫ್ ಮಾಡಿದೀನಿ."

"ಆಫ್ ಮಾಡಿ ಅದರ ಮುಂದೆ ಕೂತಿದೀಯಾ? ನಾಳೆ ರಜಾ ಹಾಕಿಬಿಡು ಸುಜಾತಾ." ಅವರು ನನ್ನ ಹಣೆ ಮುಟ್ಟಿ ನೋಡಿದರು. ಲವೀನಾಳಿಗೆ ಮಾತು ಕೊಟ್ಟಿದ್ದರಿಂದ ಅವರಿಗೂ ನಾನು ಬಾಯಿ ಬಿಡಲಿಲ್ಲ.

ಕೆಲವು ವಾರಗಳಲ್ಲಿ ಲವೀನಾ ಪರದೆ ನೋಡುವುದನ್ನೇ ಬಿಟ್ಟಳು. ಒಂದು ಕಿವಿಗೆ ಸವಾರಿ, ಇನ್ನೊಂದು ಕಿವಿಗೆ ಡ್ರೈವರುಗಳ ಫೋನು. ನೋಡಿದವರಿಗೆ ಹಾಡು ಕೇಳುತ್ತಾ ಕೆಲಸ ಮಾಡುತ್ತಿದ್ದಾಳೆ ಎನಿಸುತ್ತಿತ್ತು. ಎಲ್ಲ ಸಲೀಸಾಗಿ ನಡೆಯುತ್ತಿದ್ದಾಗ ನಮ್ಮ ಮ್ಯಾನೇಜರು ಹೊಸ ಮ್ಯಾಪು ತಂದರು.

ಮ್ಯಾನೇಜರು ಎಂಜಿನಿಯರ್ ಫಾದಿ, ಜೋರ್ಡಾನಿನವರು. ಕೆಟ್ಟವರಲ್ಲ, ಆದರೆ ಆತುರಗಾರರು. ಎರಡು ಮಾತಿಗೊಮ್ಮೆ 'ಯಲ್ಲಾ', ಅಂದರೆ ನಡಿ ನಡಿ; ಮಾತು ಮುಗಿದರೆ 'ಖಲಾಸ್'. ಅವರು ತಂದದ್ದು ಗೋಡೆಯಗಲದ ಪರದೆಯ ಮೇಲೆ ಕತಾರಿನ ನಕ್ಷೆ, ಅದರ ತುಂಬ ಬಸ್ಸುಗಳ ಬಣ್ಣದ ಚುಕ್ಕಿಗಳು. ಮೌಸಿನಿಂದ ಚುಕ್ಕಿಯನ್ನು ಎಳೆದು ಇನ್ನೊಂದು ದಾರಿಗೆ ಹಾಕಬಹುದು. ನೋಡಲು ನಿಜಕ್ಕೂ ಚೆಂದವಿತ್ತು. ಕೆಲವು ದಿನ ಎರಡೂ ಇರಲಿ, ಆಮೇಲೆ ನೋಡೋಣ ಎಂದರು ಫಾದಿ. ಆ ಮ್ಯಾಪಿಗೆ ಸ್ಕ್ರೀನ್ ರೀಡರ್ ತಾಗಿಸಿ ನೋಡಿದೆ. "ಚಿತ್ರ" ಎಂದು ಹೇಳಿ ಸುಮ್ಮನಾಯಿತು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಕಂಪನಿಯ ಮಾಲೀಕರು ಮಧ್ಯಾಹ್ನ ಭೇಟಿಗೆ ಬಂದರು. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ತೋರಿಸಲು ಫಾದಿ ತಾವೇ ಒಂದು ಕೀಬೋರ್ಡಿನ ಮುಂದೆ ಕೂತು, "ನೋಡಿ, ಹೀಗೆಲ್ಲ ಟೈಪ್ ಮಾಡಬೇಕು" ಎನ್ನುತ್ತಾ 'ಸವಾರಿ ಕ್ಯಾನ್ಸಲ್' ಎಂದು ಬರೆದು ಎಂಟರ್ ಒತ್ತಿದರು. ಬಸ್ಸಿನ ನಂಬರು ಕೊಡಲಿಲ್ಲ. ಪ್ರೋಗ್ರಾಂ "ಖಚಿತವೇ?" ಎಂದು ಕೇಳಿತು. ಅವರು ಮಾಲೀಕರ ಕಡೆ ನೋಡುತ್ತಲೇ, ಹೌದು ಎನ್ನುವ 'ವೈ' ಅಕ್ಷರ ಒತ್ತಿದರು.

ನಂಬರು ಕೊಡದಿದ್ದರೆ ಎಲ್ಲ ಬಸ್ಸು ಎಂದು ನಾನು ಬರೆದಿಟ್ಟಿದ್ದೆ. ಪರೀಕ್ಷೆ ಮಾಡುವಾಗ ನನಗೆ ಟೈಪ್ ಮಾಡುವ ಶ್ರಮ ಉಳಿಯಲಿ ಎಂದು! ಮಧ್ಯಾಹ್ನದ ಟ್ರಿಪ್ಪುಗಳೆಲ್ಲ ರದ್ದಾಗಿ, ಡ್ರೈವರುಗಳ ಮೊಬೈಲುಗಳಿಗೆ ಒಂದೇ ಏಟಿಗೆ ಮೆಸೇಜು ಹೋಯಿತು. ಉತ್ತರದ ತುದಿಯ ಅಲ್ ಶಮಾಲ್ ದಾರಿಯಲ್ಲಿದ್ದ ಅಬ್ಬಾಸ್ ಎಂಬ ಡ್ರೈವರು, ಬಂಟ್ವಾಳದ ಬ್ಯಾರಿ ಮುಸಲ್ಮಾನರು, ಲವೀನಾಳಿಗೆ ಅಬ್ಬಾಸಾಕ, ಅವರಿಗೆ ಅವಳು ಬಾಯಮ್ಮ, ಖುಷಿಯಿಂದ ಗಾಡಿ ತಿರುಗಿಸಿ ದೋಹಾ ಕಡೆ ಹೊರಟೇಬಿಟ್ಟಿದ್ದರು.

ನಾನಿನ್ನೂ ಪರದೆ ನೋಡುತ್ತಲೇ ಇದ್ದೆ. ಲವೀನಾ ಮಾತ್ರ ಆಗಲೇ ಫೋನೆತ್ತಿದ್ದಳು. "ಅಬ್ಬಾಸಾಕ, ಎಲ್ಲಿದ್ದೀರಿ? ಗಾಡಿ ತಿರುಗಿಸಿ, ತಿರುಗಿಸಿ!"

"ಕ್ಯಾನ್ಸಲ್ ಅಂತ ಮೆಸೇಜ್ ಬಂತಲ್ಲ ಬಾಯಮ್ಮ?"

"ಮೆಸೇಜಿಗೆ ಬೆಂಕಿ ಬೀಳ್ಲಿ. ಅಲ್ಲಿ ಮಕ್ಕಳು ಬಿಸಿಲಲ್ಲಿ ನಿಂತಿರ್ತಾರೆ. ನಿಮ್ಮ ಬಿರಿಯಾನಿ ಎಲ್ಲಿಗೂ ಓಡಿ ಹೋಗುದಿಲ್ಲ."

ಒಬ್ಬೊಬ್ಬ ಡ್ರೈವರನನ್ನೂ ಹೀಗೇ ಹಿಡಿದು ವಾಪಸು ಕಳಿಸಿದಳು. ಬಸ್ಸುಗಳು ತಡವಾದವು, ಯಾರಿಗೂ ತೊಂದರೆಯಾಗಲಿಲ್ಲ. ಆದರೆ ಮಾಲೀಕರ ಮುಂದೆ ಮುಖಭಂಗವಾದ ಫಾದಿ ಉರಿದುಬಿದ್ದರು. "ಈ ಕಪ್ಪು ಪರದೆ ಅಪಾಯ. ಈದ್ ಮುಗಿದ ಮೇಲೆ ಎಲ್ಲರೂ ಮ್ಯಾಪಿನಲ್ಲೇ ಕೆಲಸ ಮಾಡಬೇಕು. ಅದು ಬಾರದವರಿಗೆ ಇಲ್ಲಿ ಜಾಗವಿಲ್ಲ. ಖಲಾಸ್!"

ಅವರ ಕೋಣೆಗೆ ಹೋಗಿ ವಾದಿಸಿದೆ. ತಪ್ಪು ನಂಬರಿಲ್ಲದ ರದ್ದಿನಲ್ಲಿತ್ತು, ಅದನ್ನು ಸರಿಮಾಡಿದ್ದೇನೆ, ಮ್ಯಾಪು, ಸವಾರಿ ಎರಡೂ ಬಾಗಿಲು ಇರಲಿ, ಒಳಗಿನ ಮಾಹಿತಿ ಒಂದೇ ಅಲ್ಲವೇ ಎಂದೆ. ಫಾದಿ ಕೈಕಟ್ಟಿ ಕೂತು, "ಎರಡು ಯಾಕೆ ಬೇಕು? ಒಂದೇ ಒಂದು ಕಾರಣ ಕೊಡು" ಎಂದರು. ಕಾರಣ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳುವಂತಿರಲಿಲ್ಲ. ಎದ್ದು ಬಂದೆ. ನನಗೆ ಅಳುವೂ ಬಂತು, ಲವೀನಾಳ ಮೇಲೆ ಸಿಟ್ಟೂ ಬಂತು.

"ಹೇಳಿಬಿಡೇ. ಮುಚ್ಚಿಟ್ಟರೆ ಈದ್ ಆದ್ಮೇಲೆ ಹೇಗೂ ಗೊತ್ತಾಗುತ್ತೆ" ಎಂದೆ.

"ಹೇಳಿದ್ರೆ ಈಗ್ಲೇ ಟಿಕೇಟು ಕೊಟ್ಟು ಕಳಿಸ್ತಾರೆ. ಶೆರಿಲ್‌ನ ಪರೀಕ್ಷೆ ಯಾರು ಬರೀತಾರೆ, ನೀವಾ?"

"ಕಳಿಸಿದ್ರೆ ಕಳಿಸ್ಲಿ ಅಂತಲ್ಲ ಕಣೇ. ಕುರುಡು ಅಂತ ತಿಳಿದು ಕಳಿಸೋದು ಬೇರೆ. ನೀನು ಕೆಲಸ ಮಾಡೋದನ್ನ ನೋಡಿದ್ಮೇಲೂ ಕಳಿಸ್ತಾರಾ ನೋಡೋಣ."

ಲವೀನಾ ಆ ದಿನವೆಲ್ಲ ನನ್ನ ಜೊತೆ ಮಾತು ಬಿಟ್ಟಳು. ಮರುದಿನ ಬೆಳಿಗ್ಗೆ ನನ್ನ ತೋಳು ಹಿಡಿದು, "ಬನ್ನಿ, ನೀವು ಬಾಗಿಲ ಹತ್ರ ನಿಂತ್ರೆ ಸಾಕು" ಎಂದು ಫಾದಿಯವರ ಕೋಣೆಗೆ ನಡೆದಳು.

"ಸರ್, ನನಗೆ ನಿಮ್ಮ ಮ್ಯಾಪು ಕಾಣುವುದಿಲ್ಲ" ಎಂದು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ಒಂದೇ ಉಸಿರಿಗೆ ಕಣ್ಣಿನ ಕಾಯಿಲೆಯ ವಿಷಯವನ್ನೆಲ್ಲ ಹೇಳಿಬಿಟ್ಟಳು. ಫಾದಿ ಪೆನ್ನು ಕೆಳಗಿಟ್ಟರು.

"ಯಾವಾಗಿನಿಂದ?"

"ಮ್ಯಾಪು ಬರುವುದಕ್ಕೂ ಮೊದಲಿನಿಂದ."

"ಹಾಗಾದರೆ ಮೊನ್ನೆ ಆ ಬಸ್ಸುಗಳನ್ನೆಲ್ಲ ವಾಪಸು ಕಳಿಸಿದ್ದು ಹೇಗೆ?"

"ಕಿವಿಯಿಂದ ಸರ್."

ಅವರು ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. ಆಮೇಲೆ, "ಯಾಕೆ ಮೊದಲೇ ಹೇಳಲಿಲ್ಲ?" ಎಂದರು.

"ಹೇಳಿದ್ದರೆ ಖಲಾಸ್ ಅನ್ನುತ್ತಿದ್ದಿರಿ."

ಫಾದಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಾಳೆ ಮಧ್ಯಾಹ್ನ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಶಾಲೆ ಬಿಡುವ ಹೊತ್ತು. ಮಕ್ಕಳ ವಿಷಯದಲ್ಲಿ ನಾನು ದಾಕ್ಷಿಣ್ಯ ಮಾಡುವುದಿಲ್ಲ. ನೋಡಿ ನಿರ್ಧಾರ ಮಾಡುತ್ತೇನೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಮರುದಿನ ಧೂಳೆದ್ದಿತು. ಈ ದೇಶದಲ್ಲಿ ಧೂಳು ಎದ್ದರೆ ಎದುರು ಕಟ್ಟಡವೂ ಮಾಯವಾಗುತ್ತದೆ. ಶಾಲೆಗಳು ಬೇಗ ಬಿಡುತ್ತೇವೆಂದವು, ದಾರಿಗಳಲ್ಲಿ ಬಸ್ಸುಗಳು ತೆವಳತೊಡಗಿದವು, ಫೋನುಗಳು ಒಟ್ಟಿಗೇ ಬಡಿದುಕೊಂಡವು. ಫಾದಿ ಕುರ್ಚಿ ಎಳೆದುಕೊಂಡು ಲವೀನಾಳ ಪಕ್ಕ ಕೂತರು. ಅವರಿಗೂ ಕೇಳಲಿ ಎಂದು ನಾನು ಸವಾರಿಯ ದನಿಯನ್ನು ಸ್ಪೀಕರಿಗೆ ಹಾಕಿ, ನಿಧಾನ ಮಾಡಿಟ್ಟೆ. ಹಿಂದೆ ನಿಂತು ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತಲೇ ಇದ್ದೆ.

ಲವೀನಾ ತಡವಾದ ಬಸ್ಸುಗಳನ್ನಷ್ಟೇ ಕೇಳಿದಳು. ಸವಾರಿ ಚೌಕಟ್ಟಿಲ್ಲದೆ, ಚಕ್ರವಿಲ್ಲದೆ, ತಡವಾದವುಗಳನ್ನು ಮಾತ್ರ ಒಂದೊಂದಾಗಿ ಹೇಳಿತು. ಅವಳು ಕೇಳುತ್ತಲೇ ಫೋನು ಮಾಡುತ್ತಾ ಹೋದಳು. ಯಾರಿಗೋ ಮಲಯಾಳಂನಲ್ಲಿ ಸಮಾಧಾನ, ಯಾರಿಗೋ ಹಿಂದಿಯಲ್ಲಿ ಬೈಗುಳ. ಅಬ್ಬಾಸ್ ಫೋನೆತ್ತಲಿಲ್ಲ. ಲವೀನಾ ಮತ್ತೆ ಮಾಡಿದಳು, ಎತ್ತಲಿಲ್ಲ. ಅಲ್ ಶಮಾಲ್‌ನ ಮಕ್ಕಳು ಅವರ ಬಸ್ಸಿನಲ್ಲಿದ್ದರು. ಫಾದಿ ಮ್ಯಾಪಿನ ಕಡೆ ನೋಡಿದರು, ಅಲ್ಲಿ ಆ ಚುಕ್ಕಿ ಬೂದುಬಣ್ಣಕ್ಕೆ ತಿರುಗಿ ನಿಂತಿತ್ತು. ಮೂರನೆಯ ಸಲ ಅಬ್ಬಾಸ್ ಎತ್ತಿದರು. "ಬಾಯಮ್ಮ, ರೋಡು ಬದಿಗೆ ಹಾಕಿ ನಿಲ್ಸಿದ್ದೇನೆ. ಏನೂ ಕಾಣುದಿಲ್ಲ. ಮಕ್ಕಳು ಹಾಡು ಹೇಳ್ತಿದ್ದಾರೆ."

"ಒಳ್ಳೇದು ಮಾಡಿದ್ರಿ. ನಾನು ಹೇಳುವ ತನಕ ಅಲ್ಲೇ ಇರಿ" ಎಂದಳು ಲವೀನಾ. ಅವಳ ದನಿ ಆ ದಿನದಲ್ಲಿ ಮೊದಲ ಸಲ ತಗ್ಗಿತು.

ಅಬ್ಬಾಸ್ ಅಲ್ಲಿ ಸಿಕ್ಕಿಕೊಂಡಿದ್ದರಿಂದ ಅವರ ಸಂಜೆಯ ಟ್ರಿಪ್ಪನ್ನು ರದ್ದು ಮಾಡಬೇಕಿತ್ತು. ಗಡಿಬಿಡಿಯಲ್ಲಿ ಲವೀನಾ ಬೇರೊಂದು ನಂಬರು ಟೈಪ್ ಮಾಡಿದಳು. ನನಗೆ ಗೊತ್ತಾಯಿತು, ಬಾಯಿ ತೆರೆಯಬೇಕೆಂದವಳು ತುಟಿ ಕಚ್ಚಿಕೊಂಡೆ. ಸವಾರಿ ಹೇಳಿತು: "ಹಮದ್ ಬಂದರಿನ ಬಸ್ಸು ರದ್ದಾಗುತ್ತದೆ. ಅದರಲ್ಲಿ ಜನರಿದ್ದಾರೆ. ಸರಿಯಿದ್ದರೆ ಬಸ್ಸಿನ ನಂಬರನ್ನು ಮತ್ತೊಮ್ಮೆ ಟೈಪ್ ಮಾಡಿ." ಸವಾರಿಯ ಮಾತು ಇಂಗ್ಲಿಷಿನದು, ನಾನಿಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಲವೀನಾಳ ಬೆರಳು ನಿಂತಿತು. "ಅಯ್ಯೋ ಜೆಜೂ, ಇದಲ್ಲ" ಎಂದು ಅಳಿಸಿ, ಸರಿಯಾದ ನಂಬರು ಕೊಟ್ಟು, ಕೇಳಿಸಿಕೊಂಡು, ಮತ್ತೆ ಟೈಪ್ ಮಾಡಿ ಮುಗಿಸಿದಳು.

ಫಾದಿ ನಿಧಾನವಾಗಿ ನನ್ನ ಕಡೆ ತಿರುಗಿದರು. "ಆವತ್ತು ಇದು ನನ್ನನ್ನು ಹೀಗೆ ಕೇಳಲಿಲ್ಲವಲ್ಲ?"

"ನಿಮ್ಮಿಂದಲೇ ಕಲಿತದ್ದು ಸರ್" ಎಂದೆ. ಬಾಯಿಂದ ಹಾರಿಹೋಯಿತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವರು ಹುಬ್ಬು ಗಂಟಿಕ್ಕಿ ನೋಡಿ, ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. ಧೂಳು ಇಳಿದು, ಅಬ್ಬಾಸ್ ಕೊನೆಯ ಮಗುವನ್ನು ಮನೆಗೆ ಬಿಟ್ಟೆನೆಂದು ಹೇಳುವ ತನಕ ಅವರು ಆ ಕುರ್ಚಿಯಿಂದ ಏಳಲಿಲ್ಲ. ಎದ್ದಾಗ ಹೇಳಿದ್ದು ಇಷ್ಟೇ: "ಯಲ್ಲಾ, ನಾಳೆ ಬೆಳಿಗ್ಗೆ ಬೇಗ ಬಾ ಲವೀನಾ. ಹೊಸ ಕರಾರಿನ ಕಾಗದಕ್ಕೆ ಈಗಲೇ ಸಹಿ ಬೇಕು."

ಲವೀನಾ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ನಾನು ಅವಳ ಬೆನ್ನು ಸವರುತ್ತಾ ಅವಳಿಗಿಂತ ಜೋರಾಗಿ ಅತ್ತೆ.

ಫಾದಿ ಸುಮ್ಮನೆ ಬಿಡುವ ಆಸಾಮಿಯಲ್ಲ. ಮ್ಯಾಪಿನಲ್ಲಿ ಏನೇ ಹೊಸದು ಬಂದರೂ ಅದು ಸವಾರಿಯಲ್ಲೂ ಬರಬೇಕು, ಹೆಲ್ಪ್ ಸಂದೇಶಗಳು ಪೂರ್ತಿ ಇರಬೇಕು ಎಂದು ನನ್ನ ತಲೆಯ ಮೇಲೆ ದುಪ್ಪಟ್ಟು ಕೆಲಸ ಹೇರಿದರು. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಶೆರಿಲ್ ಹನ್ನೆರಡನೇ ಕ್ಲಾಸು ಇಲ್ಲೇ ಮುಗಿಸಿದಳು, ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳ ಕನ್ನಡ ಇಲ್ಲಿದ್ದಾಗಿನಿಂದಲೂ ಮುರುಕು, ಅದನ್ನು ಸರಿಮಾಡುವ ಲೈಬ್ರರಿ ನನಗಿನ್ನೂ ಸಿಕ್ಕಿಲ್ಲ.

ತಂಗಿಯ ಮಗಳೇ, ನೀನು ಬಟನ್ ಇರುವುದನ್ನು ಬರಿ, ಇಲ್ಲದ್ದನ್ನು ಬರಿ, ನಿನ್ನಿಷ್ಟ. ಬರೆದ ಮೇಲೆ ಪರದೆ ಆಫ್ ಮಾಡಿ ಒಂದು ಸಲ ಕೂತುನೋಡು. ಮತ್ತೆ, ಬಳಸುವವರು ಏನೂ ಹೇಳದಿದ್ದಾಗ ನಿನ್ನ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಮೊದಲು ನಿರ್ಧರಿಸು. ಏನೂ ಹೇಳದವರ ಬಸ್ಸನ್ನು ಎಂದಿಗೂ ರದ್ದು ಮಾಡಬೇಡ.

ನನ್ನ ಕೊನೆಯ ದಿನ ಕೇಕು ಕತ್ತರಿಸಿ, ಫಾದಿಯವರ ಭಾಷಣವೂ ಮುಗಿದ ಮೇಲೆ ಲವೀನಾಳ ಮೇಜಿಗೆ ಹೋದೆ. ಅಷ್ಟು ಹೊತ್ತಿಗೆ ಅವಳ ಪೈಪು ಪೂರ್ತಿ ಮುಚ್ಚಿಹೋಗಿತ್ತು. ಮುಂದಿನ ಪರದೆಯನ್ನೂ ತೆಗೆಸಿ, ಆ ಜಾಗದಲ್ಲಿ ಒಂದು ತುಳಸಿ ಗಿಡ ಇಟ್ಟಿದ್ದಳು. ಶೀತಕ್ಕೆ ಕಷಾಯ ಮಾಡಲಿಕ್ಕಂತೆ. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, "ಕೂತ್ಕೊಳ್ಳಿ ಸುಜಾತಕ್ಕ, ನಿಮ್ಮ ಮಗಳು ಸವಾರಿಯ ಮಾತು ಒಂದ್ಸಲ ಕೇಳಿ ಹೋಗಿ" ಎಂದು ಹೆಡ್‌ಫೋನಿನ ವಯರು ಕಿತ್ತಳು.

ಒಗ್ಗರಣೆಗೆ ಬಿದ್ದ ಸಾಸಿವೆ ಸಿಡಿದ ಹಾಗೆ ದನಿ ಚಟಪಟ ಹರಿಯಿತು. ವರ್ಷ ವರ್ಷಕ್ಕೆ ಅವಳು ಅದರ ವೇಗ ಏರಿಸುತ್ತಾ ಬಂದಿದ್ದಳು. ನನಗೆ ಒಂದೇ ಒಂದು ಪದ ಹಿಡಿಯಲಾಗಲಿಲ್ಲ. ಲವೀನಾ ಮಾತ್ರ ತಲೆಯಾಡಿಸುತ್ತಾ ಕೇಳಿ, ಮಧ್ಯದಲ್ಲೇ ಫೋನೆತ್ತಿ, "ಅಬ್ಬಾಸಾಕ, ಸುಲೈಮಾನಿ ಚಾ ಕುಡಿದದ್ದು ಸಾಕು, ಹೊರಡಿ" ಎಂದಳು.

"ಏನಂತೇ ಅದು?" ಎಂದೆ.

"ಇದೆಂತದು? ನೀವೇ ಬರೆದದ್ದಲ್ವಾ?"

"ಬರೆದದ್ದು ನಾನೇ ಕಣೇ. ಈಗ ಏನು ಹೇಳ್ತು ಅಂತ ನೀನು ಹೇಳು."

ಅವಳು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು: "ಅಲ್ ಶಮಾಲ್ ಬಸ್ಸು ಮಾತ್ರ ನಿಂತಲ್ಲೇ ಉಂಟು. ಬಾಕಿ ಎಲ್ಲ ಹೊರಟಾಯ್ತು. ನೀವೂ ಹೊರಡಿ ಸುಜಾತಕ್ಕ, ಇಲ್ಲಿ ನಾನಿದ್ದೇನೆ."